ಪಾರಣೆಯ ದಿನದ ತಪಸ್ಸು

ಭಾದ್ರಪದ ಶುಕ್ಲ ಪಂಚಮಿಯಂದು ಆರಂಭವಾಗುವ ದಶಲಕ್ಷಣ ಪರ್ವವು ಅನಂತ ಚತುರ್ದಶಿಯಂದು ಪೂರ್ಣವಾಗುತ್ತದೆ. ಆ ಹತ್ತು ದಿನಗಳಲ್ಲಿ ಕೆಲವರು ಏಕಭುಕ್ತವನ್ನೂ, ಕೆಲವರು ಪಂಚಮಿ, ಅಷ್ಟಮಿ, ಚತುರ್ದಶಿಗಳ ಉಪವಾಸವನ್ನೂ, ಶಕ್ತಿಯುಳ್ಳ ವಿರಳರಾದ ಕೆಲವರು ಹತ್ತು ದಿನಗಳ ನಿರಂತರ ಉಪವಾಸವನ್ನೂ ಕೈಕೊಳ್ಳುತ್ತಾರೆ. ಹುಣ್ಣಿಮೆಯ ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕ, ಪೂಜೆಗಳು ಮುಗಿದು, ಗಂಧೋದಕವನ್ನು ಶಿರದಲ್ಲಿ ಧರಿಸಿ ಮನೆಗೆ ಮರಳುವ ವ್ರತಿಕರಿಗಾಗಿ ಅಡುಗೆಮನೆಯು ನಸುಕಿನಿಂದಲೇ ಎಚ್ಚೆತ್ತಿರುತ್ತದೆ. ಹೋಳಿಗೆ, ತುಪ್ಪ, ಪಾಯಸ, ಕೋಸಂಬರಿ, ಕರಿದ ಹಪ್ಪಳ, ಎರಡು ಬಗೆಯ ಪಲ್ಯ. ನೆರೆದ ಬಂಧುಗಳು ‘ಇದೊಂದು ನನ್ನ ಕೈಯಿಂದ’ ಎಂದು ಒಬ್ಬರಾದ ಮೇಲೊಬ್ಬರು ಬಡಿಸುತ್ತಾರೆ. ಬೇಡವೆಂದರೆ ಅವರಿಗೆ ನೋವಾದೀತೆಂದು ವ್ರತಿಕರು ಒಪ್ಪಿಕೊಳ್ಳುತ್ತಾರೆ. ಅಂದು ಸಂಜೆಗೆ ಹೊಟ್ಟೆ ಉಬ್ಬರ, ರಾತ್ರಿಗೆ ವಾಂತಿ, ಮರುದಿನಕ್ಕೆ ನಿಶ್ಶಕ್ತಿ. ಆಗ ಮನೆಯಲ್ಲಿ ಕೇಳಿಬರುವ ಮಾತು ಒಂದೇ: ‘ಅಮ್ಮನವರಿಗೆ ಉಪವಾಸ ಒಗ್ಗಲಿಲ್ಲ.’

ಈ ಅಪವಾದವು ನ್ಯಾಯವಾದುದಲ್ಲ. ಹತ್ತು ದಿನ ಕೆಡದ ದೇಹವು ಹನ್ನೊಂದನೆಯ ದಿನ ಕೆಟ್ಟಿತೆಂದರೆ, ಕಾರಣವನ್ನು ಮೊದಲು ಹನ್ನೊಂದನೆಯ ದಿನದ ಎಲೆಯಲ್ಲಿ ಹುಡುಕಬೇಕಾಗುತ್ತದೆ. ಆದರೆ ಅಪವಾದವು ನಿಲ್ಲುವುದು ವ್ರತದ ಮೇಲೆಯೇ. ಅದನ್ನು ಕೇಳುತ್ತ ಬೆಳೆದ ಮೊಮ್ಮಕ್ಕಳು ಮುಂದೆ ನೋಂಪಿಯ ಹೆಸರೆತ್ತಿದರೆ ಅಜ್ಜಿಯ ಕಾಯಿಲೆಯನ್ನು ನೆನೆಯುತ್ತಾರೆಯೇ ಹೊರತು ಆಕೆಯ ದೃಢತೆಯನ್ನಲ್ಲ. ಹೀಗೆ ಒಂದು ಹೊತ್ತಿನ ಅವಿವೇಕದಿಂದ ಮನೆಯೊಂದರಲ್ಲಿ ವ್ರತದ ಪರಂಪರೆಯೇ ಕಡಿದುಹೋಗುವುದುಂಟು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಬಾಹ್ಯ ತಪಸ್ಸುಗಳು ಆರೆಂದು ಹೇಳಿ, ಮೊದಲಿಗೆ ಅನಶನವನ್ನೂ ಅದರ ಬೆನ್ನಿಗೇ ಅವಮೌದರ್ಯವನ್ನೂ ಇರಿಸಿದ್ದಾರೆ. ಅನಶನವೆಂದರೆ ಉಣ್ಣದಿರುವುದು, ಅವಮೌದರ್ಯವೆಂದರೆ ಉಣ್ಣುವಾಗ ಹೊಟ್ಟೆಗಿಂತ ಕಡಿಮೆ ಉಣ್ಣುವುದು. ಮೊದಲನೆಯದು ಎಲ್ಲರ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಸನ್ಮಾನವುಂಟು, ಮೆರವಣಿಗೆಯುಂಟು. ಎರಡನೆಯದನ್ನು ಕಂಡವರು ಯಾರು? ಮುಂದಿರುವ ಅನ್ನದಿಂದ ಕೈಯನ್ನು ಹಿಂದೆಗೆದುಕೊಂಡವನ ತಪಸ್ಸು ಪಕ್ಕದ ಎಲೆಯವನಿಗೂ ತಿಳಿಯದು. ಬಹುಶಃ ಅದಕ್ಕಾಗಿಯೇ ಅದು ಇಷ್ಟು ಅಪರೂಪವಾಗಿದೆ.

ಈ ಎರಡು ತಪಸ್ಸುಗಳ ಪ್ರಯೋಜನವನ್ನು ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವ ಬಗೆಯು ಗಮನಾರ್ಹವಾಗಿದೆ. ಅನಶನದ ವಿಷಯದಲ್ಲಿ ಅವರು ಮೊದಲು ಹೇಳುವುದು ದೃಷ್ಟಫಲದ, ಎಂದರೆ ಕಣ್ಣಿಗೆ ಕಾಣುವ ಲೌಕಿಕ ಫಲದ, ಅಪೇಕ್ಷೆ ಇರಬಾರದೆಂಬುದನ್ನು. ಸಂಯಮದ ಸಿದ್ಧಿ, ರಾಗದ ಉಚ್ಛೇದ, ಕರ್ಮನಾಶ, ಧ್ಯಾನ ಮತ್ತು ಆಗಮಜ್ಞಾನಗಳ ಪ್ರಾಪ್ತಿ ಅದರ ಉದ್ದೇಶಗಳು. ಅವಮೌದರ್ಯಕ್ಕೆ ಬಂದಾಗ ಅವರು ಸಂಯಮದಲ್ಲಿ ಎಚ್ಚರ, ದೋಷಗಳ ಶಮನ, ಸಂತೋಷ, ಸ್ವಾಧ್ಯಾಯಾದಿಗಳ ಸುಖಸಿದ್ಧಿ ಎಂದು ಎಣಿಸುತ್ತಾರೆ. ದೋಷವೆಂದರೆ ಮನಸ್ಸಿನ ದೋಷವೆಂದು ತಿಳಿದರೂ, ಶರೀರದ ವಾತ ಪಿತ್ತ ಕಫಗಳ ವೈಷಮ್ಯವೆಂದು ತಿಳಿದರೂ ಮಾತು ಹೊಂದುತ್ತದೆ. ತುಂಬಿದ ಹೊಟ್ಟೆಯವನು ಶಾಸ್ತ್ರಸಭೆಯಲ್ಲಿ ತೂಕಡಿಸುವುದನ್ನು ಎಲ್ಲರೂ ಕಂಡಿದ್ದಾರೆ. ಜೀರ್ಣಾಂಗಗಳ ಸ್ವಾಸ್ಥ್ಯವನ್ನು ಅರಸಿ ಉಪವಾಸಕ್ಕೆ ಹೊರಡುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅವರಿಗೆ ಬೇಕಾದುದು ಹತ್ತು ದಿನಗಳ ಅನಶನವಲ್ಲ, ವರ್ಷದ ಉಳಿದ ದಿನಗಳ ಮಿತಾಹಾರ.

ಆ ಮಿತಿಯಾದರೂ ಎಷ್ಟು? ಆಗಮವು ಇಲ್ಲಿ ಮಾತನ್ನು ತೇಲಿಸಿ ಬಿಟ್ಟಿಲ್ಲ. ನಮ್ಮ ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ ಭಗವತೀ ಆರಾಧನೆಯಲ್ಲಿ ಪುರುಷನ ಸಹಜ ಆಹಾರವು 32 ತುತ್ತು, ಸ್ತ್ರೀಯರದು 28 ತುತ್ತು ಎಂದು ಹೇಳಿದೆ. ಅದರಲ್ಲಿ ಒಂದು ತುತ್ತನ್ನು ಕಡಿಮೆ ಮಾಡಿದರೂ ಅವಮೌದರ್ಯವೇ. ಹಾಗೆ ಇಳಿಸುತ್ತ ಒಂದೇ ತುತ್ತಿನವರೆಗೂ ಹೋಗಬಹುದು. ವಟ್ಟಕೇರ ಆಚಾರ್ಯರ ಮೂಲಾಚಾರವು ಭಿಕ್ಷುವಿನ ಉದರವನ್ನು ನಾಲ್ಕು ಭಾಗ ಮಾಡಿ, ಎರಡು ಭಾಗ ವ್ಯಂಜನಸಹಿತವಾದ ಅನ್ನಕ್ಕೆ, ಒಂದು ಭಾಗ ನೀರಿಗೆ, ನಾಲ್ಕನೆಯ ಭಾಗ ವಾಯುವಿನ ಸಂಚಾರಕ್ಕೆ ಎಂದು ವಿಧಿಸುತ್ತದೆ. ಮುನಿಗಳಿಗೆ ಹೇಳಿದ ಈ ಮಾತನ್ನು ಗೃಹಸ್ಥರು ತಮಗಲ್ಲವೆಂದು ಬದಿಗಿಡಬೇಕಾಗಿಲ್ಲ; ಆಯುರ್ವೇದದ ಅಷ್ಟಾಂಗಹೃದಯವೂ ಎಲ್ಲ ಜನರಿಗೂ ಹೆಚ್ಚು ಕಡಿಮೆ ಇದನ್ನೇ ಹೇಳಿದೆ. ಇಂದಿನ ಶರೀರಶಾಸ್ತ್ರದ ದೃಷ್ಟಿಯಿಂದಲೂ ಇದು ಸಾಧುವೇ. ಜಠರವು ಅರೆಯುವ ಒಂದು ಚೀಲ. ಅದರ ಗೋಡೆಗಳು ಹಿಂಡಿ ಹಿಗ್ಗಲು ಒಳಗೆ ಎಡೆ ಬೇಕು. ಕತ್ತಿನವರೆಗೆ ತುಂಬಿದಾಗ ಅನ್ನವು ಮೇಲಕ್ಕೆ ಒತ್ತುತ್ತದೆ. ಹುಳಿತೇಗು, ಎದೆಯುರಿಗಳ ಮೂಲ ಬಹುಮಟ್ಟಿಗೆ ಇದು. ಮತ್ತೊಂದು ಸಂಗತಿಯೂ ಉಂಟು. ಹೊಟ್ಟೆ ತುಂಬಿತೆಂಬ ಸೂಚನೆಯು ಮಿದುಳಿಗೆ ಸ್ಪಷ್ಟವಾಗಿ ತಲುಪಲು ಸುಮಾರು 20 ನಿಮಿಷಗಳು ಬೇಕಾಗುತ್ತವೆ. ಬೇಗ ಬೇಗ ಉಣ್ಣುವವನು ಆ ಸೂಚನೆ ಬರುವ ಮೊದಲೇ ನಾಲ್ಕನೆಯ ಭಾಗವನ್ನೂ ತುಂಬಿಬಿಟ್ಟಿರುತ್ತಾನೆ.

ಇನ್ನು ಉಪವಾಸದ ವಿಷಯ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರೋಷಧೋಪವಾಸವನ್ನು ವಿವರಿಸುವಾಗ ಎರಡು ಪದಗಳನ್ನು ಬಿಡಿಸಿ ಹೇಳುತ್ತಾರೆ. ನಾಲ್ಕು ವಿಧದ ಆಹಾರಗಳ ತ್ಯಾಗವು ಉಪವಾಸ. ದಿನಕ್ಕೆ ಒಂದೇ ಬಾರಿ ಉಣ್ಣುವುದು ಪ್ರೋಷಧ. ಅಷ್ಟಮಿಯ ಉಪವಾಸವೆಂದರೆ ಸಪ್ತಮಿಯಂದು ಒಂದು ಹೊತ್ತಿನ ಊಟ, ಅಷ್ಟಮಿಯಂದು ಉಪವಾಸ, ನವಮಿಯಂದು ಮತ್ತೆ ಒಂದೇ ಹೊತ್ತಿನ ಊಟ. ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಕಾಲವನ್ನು ಹದಿನಾರು ಯಾಮ, ಎಂದರೆ 48 ಗಂಟೆಗಳೆಂದು ಗಣಿಸಿದ್ದಾರೆ. ಹೀಗೆ ಉಪವಾಸವು ಎರಡು ಏಕಭುಕ್ತಗಳ ನಡುವೆ ಕುಳಿತಿದೆ. ಹಿಂದಿನ ದಿನದ ಧಾರಣೆಯೂ ಮರುದಿನದ ಪಾರಣೆಯೂ ವ್ರತದ ಹೊರಗಿನವಲ್ಲ, ವ್ರತದ ಅಂಗಗಳೇ. ನವಮಿಯ ಬೆಳಿಗ್ಗೆಯೇ ವ್ರತ ಮುಗಿಯಿತೆಂದು ತಿಳಿದು ಮೂರು ಹೊತ್ತು ಉಣ್ಣುವವರು ಮೂರರಲ್ಲಿ ಎರಡು ಪಾಲನ್ನು ಮಾತ್ರ ಪಾಲಿಸಿದಂತಾಯಿತು.

ಧಾರಣೆಯ ದಿನ ನಡೆಯುವುದೂ ಇದೇ. ‘ನಾಳೆ ಇಲ್ಲವಲ್ಲ’ ಎಂಬ ಒಂದು ಮಾತಿನ ಆಸರೆಯಲ್ಲಿ ಎರಡು ದಿನದ ಊಟವನ್ನು ಒಂದೇ ಸಲ ತುಂಬಿಕೊಳ್ಳುವವರುಂಟು. ಅದರಿಂದ ನಾಳೆಯ ಹಸಿವೇನೂ ತಗ್ಗುವುದಿಲ್ಲ. ಉಪ್ಪು ಖಾರಗಳ ಕರಿದ ತಿಂಡಿಗಳಿಂದ ನೀರಡಿಕೆ ಹೆಚ್ಚುವುದೊಂದೇ ಲಾಭ; ನಿರ್ಜಲ ಉಪವಾಸ ಮಾಡುವವರಿಗೆ ಇದು ಸಣ್ಣ ಸಂಗತಿಯಲ್ಲ. ಕಾಫಿಯ ಅಭ್ಯಾಸವುಳ್ಳ ಮನೆಗಳಲ್ಲಿ ಉಪವಾಸದ ಮಧ್ಯಾಹ್ನ ತಲೆನೋವು ಬರುವುದು ಸರ್ವಸಾಮಾನ್ಯ. ಎಷ್ಟೋ ವೇಳೆ ಅದು ಹಸಿವಿನ ತಲೆನೋವಲ್ಲ, ಕಾಫಿ ತಪ್ಪಿದ ತಲೆನೋವು. ಕೊನೆಯ ಲೋಟ ಕುಡಿದು ಅರ್ಧ ದಿನ ಅಥವಾ ಒಂದು ದಿನ ಕಳೆಯುವಷ್ಟರಲ್ಲಿ ಅದು ತಲೆದೋರುತ್ತದೆ. ಪರ್ವಕ್ಕೆ ವಾರದ ಮೊದಲಿನಿಂದಲೇ ಕಾಫಿಯನ್ನು ಲೋಟದಿಂದ ಅರ್ಧ ಲೋಟಕ್ಕೆ, ಅಲ್ಲಿಂದ ಕಾಲು ಲೋಟಕ್ಕೆ ಇಳಿಸಿದವರಿಗೆ ಆ ಕಾಟ ತಪ್ಪುತ್ತದೆ. ಇದೂ ಒಂದು ತ್ಯಾಗವೇ, ಮತ್ತು ಕೆಲವರಿಗೆ ಅನ್ನದ ತ್ಯಾಗಕ್ಕಿಂತ ಕಠಿಣವಾದುದು.

ಉಪವಾಸದಲ್ಲಿ ದೇಹವು ಏನು ಮಾಡುತ್ತದೆಂಬುದನ್ನು ತಿಳಿದರೆ ಪಾರಣೆಯ ಕ್ರಮವು ತಾನಾಗಿಯೇ ಅರ್ಥವಾಗುತ್ತದೆ. ಉಂಡ ಅನ್ನದಲ್ಲಿ ಒಂದಂಶವನ್ನು ಯಕೃತ್ತು ಸಕ್ಕರೆಯ ದಾಸ್ತಾನಾಗಿ ಇಟ್ಟುಕೊಂಡಿರುತ್ತದೆ. ಅದು ಸುಮಾರು ಒಂದು ದಿನಕ್ಕೆ ಸಾಕಾಗುತ್ತದೆ. ಅದು ಬರಿದಾಗುತ್ತ ಬಂದಂತೆ ದೇಹವು ಕೊಬ್ಬನ್ನು ಕರಗಿಸತೊಡಗುತ್ತದೆ. ಅಷ್ಟಿಷ್ಟು ಮಾಂಸಖಂಡವೂ ಸವೆಯುತ್ತದೆ. ಊಟಗಳ ನಡುವೆ ಪಿತ್ತರಸವು ಪಿತ್ತಕೋಶದಲ್ಲಿ ಶೇಖರವಾಗುತ್ತದೆ. ಜಿಡ್ಡಿನ ಆಹಾರ ಬಂದೊಡನೆ ಕೋಶವು ಹಿಂಡಿಕೊಂಡು ಅದನ್ನು ಹೊರಕ್ಕೆ ಕಳುಹಿಸುತ್ತದೆ. ಅಲ್ಲಿ ಕಲ್ಲುಗಳಿರುವವರಿಗೆ ಪಾರಣೆಯ ತುಪ್ಪದ ಹೋಳಿಗೆಯೇ ಶೂಲೆಯನ್ನು ತರಬಲ್ಲದು. ಅನೇಕ ದಿನ ಆಹಾರವೇ ಬಾರದಿದ್ದಾಗ ಕರುಳಿನ ಒಳಪೊರೆಯೂ ಪಾಚಕರಸಗಳೂ ತಕ್ಕಮಟ್ಟಿಗೆ ಕುಗ್ಗುತ್ತವೆ. ಅಗ್ನಿ ಮಂದವಾಗಿದೆಯೆಂದು ಹಿರಿಯರು ಹೇಳುತ್ತಿದ್ದುದು ಇದನ್ನೇ. ನಂದುತ್ತಿರುವ ಕೆಂಡದ ಮೇಲೆ ಹಸಿ ಕೊರಡನ್ನು ಎತ್ತಿಹಾಕಿದರೆ ಹೊಗೆಯಾಡುವುದಲ್ಲದೆ ಬೆಂಕಿ ಹತ್ತದು.

ದೀರ್ಘ ಉಪವಾಸಗಳ ವಿಷಯದಲ್ಲಿ ಅಪಾಯವು ಅಜೀರ್ಣಕ್ಕಿಂತ ದೊಡ್ಡದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಯಾದ, ಬಹುಕಾಲ ಹಸಿದಿದ್ದ ಜನರಿಗೆ ಕರುಣೆಯಿಂದ ಹೊಟ್ಟೆ ತುಂಬ ಊಟ ನೀಡಿದಾಗ ಕೆಲವರು ಊಟದ ನಂತರವೇ ತೀರಿಕೊಂಡರು. ಹಸಿವಿನಲ್ಲಿ ಬದುಕಿದ್ದವರು ಅನ್ನದಿಂದ ಸತ್ತರು. ಇದರ ಕಾರಣವನ್ನು ವೈದ್ಯಶಾಸ್ತ್ರವು ಈಗ ಅರಿತಿದೆ. ಅನ್ನ, ಸಕ್ಕರೆಗಳು ಒಮ್ಮೆಲೇ ಬಂದಾಗ ಇನ್ಸುಲಿನ್ ರಸವು ಉಕ್ಕುತ್ತದೆ. ರಕ್ತದಲ್ಲಿದ್ದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳು ಜೀವಕೋಶಗಳ ಒಳಕ್ಕೆ ಸರಿದು ರಕ್ತದಲ್ಲಿ ತೀರ ತಗ್ಗುತ್ತವೆ. ಹೃದಯದ ಬಡಿತವು ತಪ್ಪಬಹುದು. ಐದು ದಿನಗಳಿಗಿಂತ ಹೆಚ್ಚು ಕಾಲ ಏನನ್ನೂ ತಿನ್ನದವರನ್ನು ವೈದ್ಯರು ಈ ಅಪಾಯಕ್ಕೆ ಒಳಗಾಗಬಲ್ಲವರೆಂದೇ ಎಣಿಸುತ್ತಾರೆ. ಆದುದರಿಂದ ಎಂಟು ಹತ್ತು ದಿನಗಳ ಉಪವಾಸ ಮಾಡಿದವರ ಪಾರಣೆಯು ವೈದ್ಯರ ತಿಳಿವಳಿಕೆಯಲ್ಲಿಯೇ ನಡೆಯಬೇಕು. ಮೊದಲ ಕೆಲವು ದಿನಗಳ ಆಹಾರವು ಸಹಜ ಆಹಾರದ ಒಂದಂಶ ಮಾತ್ರವಾಗಿರಬೇಕು. ಇಂಥ ವ್ರತಿಕರ ಬಾಯಿಗೆ ಪ್ರೀತಿಯಿಂದ ಒಂದೊಂದು ಸಿಹಿಯನ್ನಿಡುವ ಇಪ್ಪತ್ತು ಕೈಗಳು ಏನನ್ನು ಮಾಡುತ್ತಿವೆಯೆಂಬುದನ್ನು ಅರಿಯವು.

ಕ್ರಮಕ್ರಮವಾಗಿ ಎಂಬ ಮಾತು ಜಿನಾಗಮಕ್ಕೆ ಹೊಸದಲ್ಲ. ಸಲ್ಲೇಖನೆಯ ವಿಧಿಯನ್ನು ನೋಡಬಹುದು. ಅಂತ್ಯಕಾಲದ ಆ ವ್ರತದಲ್ಲಿಯೂ ಸಮಂತಭದ್ರ ಆಚಾರ್ಯರು ಮೊದಲು ಅನ್ನವನ್ನು ಇಳಿಸಿ ಹಾಲು ಮೊದಲಾದ ಸ್ನಿಗ್ಧ ಪಾನವನ್ನೂ, ಅದನ್ನೂ ಇಳಿಸಿ ಗಂಜಿ, ಬಿಸಿನೀರುಗಳಂಥ ಖರಪಾನವನ್ನೂ, ಅದಾದ ಮೇಲೆ ಉಪವಾಸವನ್ನೂ ಹೇಳಿದ್ದಾರೆ. ದೇಹವನ್ನು ಬಿಡಲು ಹೊರಟವರೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕೆಂದ ಮೇಲೆ, ದೇಹವನ್ನು ಧರ್ಮಸಾಧನೆಗಾಗಿ ಉಳಿಸಿಕೊಳ್ಳಬೇಕಾದ ಗೃಹಸ್ಥರು ಪಾರಣೆಯ ದಿನ ಎಲ್ಲ ಮೆಟ್ಟಿಲುಗಳನ್ನು ಒಂದೇ ನೆಗೆತಕ್ಕೆ ಏರುವುದೇಕೆ?

ಒಂದು ದಿನದ ಉಪವಾಸದ ಪಾರಣೆಗೆ ಆರೋಗ್ಯವಂತರಾದವರು ಬಹಳ ಚಿಂತಿಸಬೇಕಾಗಿಲ್ಲ. ಸೋಸಿ ಕಾಯಿಸಿದ ಬೆಚ್ಚನೆಯ ನೀರನ್ನು ಗುಟುಕು ಗುಟುಕಾಗಿ ಕುಡಿದು, ಸ್ವಲ್ಪ ಹೊತ್ತಿನ ಮೇಲೆ ಅಕ್ಕಿಯ ತೆಳುಗಂಜಿಯನ್ನೋ ಹೆಸರುಬೇಳೆಯ ಕಟ್ಟನ್ನೋ ಚಿಟಿಕೆ ಉಪ್ಪಿನೊಡನೆ ತೆಗೆದುಕೊಂಡು, ಅನಂತರ ಮೆತ್ತಗೆ ಬೇಯಿಸಿದ ಅನ್ನ, ಸೋರೆ ಅಥವಾ ಹೀರೆಯ ಪಲ್ಯ ಉಂಡರೆ ಸಾಕು. ಬೇಳೆಯ ಜೊತೆ ಮಜ್ಜಿಗೆಯನ್ನು ಬೆರೆಸದಿರುವ ದ್ವಿದಳದ ನಿಯಮವನ್ನು ಮನೆಯವರು ಬಲ್ಲರು. ರಾಗಿಯ ಅಂಬಲಿಯನ್ನು ಬಯಸುವವರು ಹಿಂದಿನ ದಿನದ ಹುದುಗಿದುದನ್ನು ಬಿಟ್ಟು ಅಂದೇ ಕಾಯಿಸಿದುದನ್ನು ಕುಡಿಯುತ್ತಾರೆ. ಎರಡು ಮೂರು ದಿನಗಳ ಉಪವಾಸವಾಗಿದ್ದರೆ ಮೊದಲ ದಿನವೆಲ್ಲ ಗಂಜಿ, ಕಟ್ಟು, ಮೆದು ಅನ್ನಗಳಲ್ಲಿಯೇ ಕಳೆಯುವುದು ಲೇಸು. ಕರಿದುದು, ಕಡಲೆ, ಹೆಚ್ಚಿನ ತುಪ್ಪ ಬೆಲ್ಲಗಳು ಆಮೇಲೆ ಬರಲಿ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಒಂದೆರಡನ್ನು ಬಿಡುವ ರಸಪರಿತ್ಯಾಗವೂ ಬಾಹ್ಯ ತಪಸ್ಸುಗಳಲ್ಲಿ ಒಂದು. ತುಪ್ಪ ಬೆಲ್ಲಗಳ ತ್ಯಾಗಕ್ಕೆ ಪಾರಣೆಯ ದಿನಕ್ಕಿಂತ ತಕ್ಕ ದಿನ ಯಾವುದು? ನಮ್ಮ ಮನೆಗಳಲ್ಲಿ ಸೂರ್ಯಾಸ್ತದ ಮುಂಚೆ ಊಟ ಮುಗಿಯುವ ಪದ್ಧತಿ ಇರುವುದರಿಂದ, ಉಂಡೊಡನೆ ಮಲಗಿ ಎದೆಯುರಿ ತಂದುಕೊಳ್ಳುವ ತೊಂದರೆ ಹೇಗೂ ಇಲ್ಲ.

ಈಗ ಹೆಚ್ಚು ಗಂಭೀರವಾದ ವಿಷಯ. ಅನೇಕ ಮನೆಗಳಲ್ಲಿ ಹಿರಿಯರಿಗೆ ಮಧುಮೇಹವಿದೆ, ರಕ್ತದೊತ್ತಡವಿದೆ, ಮೂತ್ರಪಿಂಡಗಳ ದೌರ್ಬಲ್ಯವಿದೆ. ಮಕ್ಕಳು ತಡೆದಾರೆಂಬ ಭಯದಿಂದ ಅವರು ಉಪವಾಸದ ಸಂಕಲ್ಪವನ್ನು ಬಸದಿಯಲ್ಲಿ ಮಾಡಿ ಬಂದು, ಮನೆಯಲ್ಲಿ ಹೇಳುವುದಿಲ್ಲ. ವೈದ್ಯರಿಗಂತೂ ಹೇಳುವುದೇ ಇಲ್ಲ. ಕೆಲವರು ಔಷಧಿಯನ್ನು ತಾವೇ ನಿಲ್ಲಿಸುತ್ತಾರೆ. ಕೆಲವರು ಅನ್ನವಿಲ್ಲದೆ ಔಷಧಿಯನ್ನು ಮಾತ್ರ ನುಂಗುತ್ತಾರೆ. ಇನ್ಸುಲಿನ್ನೂ ಕೆಲವು ಬಗೆಯ ಮಾತ್ರೆಗಳೂ ಊಟ ಮಾಡಿದರೂ ಮಾಡದಿದ್ದರೂ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಅದು 70 ಮಿಲಿಗ್ರಾಂಗಿಂತ ಕೆಳಗಿಳಿದರೆ ನಡುಕ, ಬೆವರು, ಮಂಕು. ಇನ್ನೂ ಇಳಿದರೆ ಪ್ರಜ್ಞೆ ತಪ್ಪುವುದು. ಜಪದ ಮಣೆಯ ಮೇಲೆ ಮಂಕಾಗಿ ಕುಳಿತವರನ್ನು ಧ್ಯಾನಮಗ್ನರೆಂದು ಸುತ್ತಲಿನವರು ಭಾವಿಸಿದರೆ ಗತಿಯೇನು? ಮೂತ್ರವನ್ನು ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಯನ್ನು ನಿರ್ಜಲ ಉಪವಾಸದಲ್ಲಿ ತೆಗೆದುಕೊಂಡವರು ಎದ್ದು ನಿಂತಾಗ ತಲೆಸುತ್ತಿ ಬೀಳುವುದುಂಟು.

ಶಲ್ಯರಹಿತನಾದವನೇ ವ್ರತಿಯೆಂದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಶಲ್ಯವೆಂದರೆ ಒಳಗೆ ಮುರಿದು ಉಳಿದ ಮುಳ್ಳು. ಮಾಯೆ, ಮಿಥ್ಯಾತ್ವ, ನಿದಾನ ಎಂದು ಅದು ಮೂರು ಬಗೆ. ರೋಗವನ್ನು ಮರೆಮಾಚಿ ಮಾಡಿದ ಉಪವಾಸದಲ್ಲಿ ಮಾಯಾಶಲ್ಯವು ಮೊದಲ ದಿನದಿಂದಲೇ ನೆಟ್ಟುಕೊಂಡಿರುತ್ತದೆ. ಮಕ್ಕಳಿಗೆ ಕಾಣದಂತೆ ಅನ್ನವನ್ನು ಬಿಟ್ಟವರು ಅನ್ನವನ್ನು ಬಿಟ್ಟರು, ಕಪಟವನ್ನು ಬಿಡಲಿಲ್ಲ. ಅತ್ತ ಮಕ್ಕಳದೂ ತಪ್ಪಿಲ್ಲವೆನ್ನಲಾಗದು. ‘ನಿಮಗೇಕೆ ಈ ವಯಸ್ಸಿನಲ್ಲಿ’ ಎಂದು ಗದರಿದ ಮನೆಯಲ್ಲಿಯೇ ಹಿರಿಯರು ಮುಚ್ಚಿಡುವುದನ್ನು ಕಲಿಯುತ್ತಾರೆ. ಪರ್ವಕ್ಕೆ ಮೂರು ನಾಲ್ಕು ವಾರ ಮೊದಲೇ ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ, ಏನು ಸಾಧ್ಯ, ಏನು ಸಾಧ್ಯವಿಲ್ಲವೆಂದು ಕೇಳಿ ಬರುವ ಮಗನು ತಾಯಿಯ ವ್ರತಕ್ಕೆ ವಿಘ್ನವನ್ನು ತರುವವನಲ್ಲ.

ಸಾಧ್ಯವಿಲ್ಲವೆಂದಾದರೆ ವ್ರತವೇ ಇಲ್ಲವೆಂದಲ್ಲ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಉಪವಾಸಕ್ಕೆ ಅಶಕ್ತರಾದವರು ಜಲವನ್ನು ಮಾತ್ರ ಸ್ವೀಕರಿಸುವ ಅನುಪವಾಸವನ್ನೂ, ಅದಕ್ಕೂ ಅಶಕ್ತರು ಆಚಾಮ್ಲ, ನಿರ್ವಿಕೃತಿ ಮೊದಲಾದ ಸಾದಾ ಭೋಜನದ ನಿಯಮಗಳನ್ನೂ ಕೈಕೊಳ್ಳಬಹುದೆಂದಿದ್ದಾರೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿನ ಹೆಸರು ಬರುವುದೇ ‘ಶಕ್ತಿತಸ್ತಪ’ ಎಂದು. ಶಕ್ತಿಗೆ ಅನುಸಾರವಾಗಿ ಎಂಬ ವಿಶೇಷಣ ಅದಕ್ಕೆ ಅಂಟಿಕೊಂಡೇ ಇದೆ. ಶಕ್ತಿಯನ್ನು ಅಡಗಿಸಬಾರದು, ಇಲ್ಲದ ಶಕ್ತಿಯನ್ನು ತೋರಿಸಲೂ ಬಾರದು. ವೈದ್ಯರು ಹೇಳಿದ ಹೊತ್ತಿಗೆ ಔಷಧಿಯೊಡನೆ ಉಪ್ಪಿಲ್ಲದ ಅನ್ನವನ್ನು ಎಣಿಸಿದ ತುತ್ತುಗಳಲ್ಲಿ ಉಂಡು ಏಳುವ ಮಧುಮೇಹಿಯಾದ ಅಜ್ಜಿಯ ವ್ರತವು ಯಾವ ಅಷ್ಟೋಪವಾಸದ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಮೈ ತೆಳುವಾಗಲೆಂದು ಉಪವಾಸ ಮಾಡುವ ತರುಣರೂ ಈಚೆಗೆ ಕಾಣುತ್ತಿದ್ದಾರೆ. 2016ರಲ್ಲಿ ಜಪಾನಿನ ವಿಜ್ಞಾನಿ ಯೋಶಿನೋರಿ ಓಸುಮಿಯವರಿಗೆ, ಜೀವಕೋಶವು ತನ್ನ ಹಳೆಯ ಅಂಶಗಳನ್ನು ತಾನೇ ಕರಗಿಸಿ ಬಳಸಿಕೊಳ್ಳುವ ಬಗೆಯನ್ನು ಕಂಡುಹಿಡಿದುದಕ್ಕಾಗಿ ನೊಬೆಲ್ ಪಾರಿತೋಷಕ ದೊರೆತ ಮೇಲೆ, ಜೈನರ ಉಪವಾಸಕ್ಕೆ ವಿಜ್ಞಾನದ ಮುದ್ರೆ ಬಿದ್ದಿತೆಂದು ಭಾಷಣಗಳಲ್ಲಿ ಹೇಳುವುದು ವಾಡಿಕೆಯಾಗಿದೆ. ಓಸುಮಿಯವರ ಮುಖ್ಯ ಪ್ರಯೋಗಗಳು ನಡೆದುದು ಹಿಟ್ಟನ್ನು ಹುದುಗಿಸುವ ಯೀಸ್ಟಿನ ಮೇಲೆ. ಅವರು ದಶಲಕ್ಷಣದ ಉಪವಾಸವನ್ನು ಪರೀಕ್ಷಿಸಿದವರಲ್ಲ. ದೃಷ್ಟಫಲದ ಅಪೇಕ್ಷೆ ಬೇಡವೆಂದ ಪೂಜ್ಯಪಾದರ ಅನುಯಾಯಿಗಳಿಗೆ ಆ ಮುದ್ರೆಯ ಅಗತ್ಯವಾದರೂ ಏನಿದೆ?

ಪಾರಣೆಯ ಮಾತು ಬಂದಾಗ ಆದಿನಾಥರ ಮೊದಲ ಆಹಾರವನ್ನು ನೆನೆಯದವರಿಲ್ಲ. ಆರು ತಿಂಗಳ ಯೋಗವನ್ನು ಮುಗಿಸಿ ಭಗವಾನ್ ವೃಷಭನಾಥರು ಆಹಾರಕ್ಕೆ ಹೊರಟಾಗ ಜನರು ಆನೆ ಕುದುರೆಗಳನ್ನು ತಂದರು, ವಸ್ತ್ರಾಭರಣಗಳನ್ನು ತಂದರು, ಕನ್ಯೆಯರನ್ನು ಕರೆತಂದರು. ಪ್ರೀತಿಗೆ ಕೊರತೆಯಿರಲಿಲ್ಲ, ಏನನ್ನು, ಹೇಗೆ ಕೊಡಬೇಕೆಂಬ ಅರಿವು ಇರಲಿಲ್ಲ. ಹೀಗೆಯೇ ಮತ್ತೆ ತಿಂಗಳುಗಳು ಕಳೆದವು. ಹಸ್ತಿನಾಪುರದಲ್ಲಿ ಅವರನ್ನು ಕಂಡೊಡನೆ ಶ್ರೇಯಾಂಸ ಕುಮಾರನಿಗೆ ಪೂರ್ವಜನ್ಮದ ಸ್ಮರಣೆಯಾಯಿತು. ತಾನು ಶ್ರೀಮತಿಯಾಗಿದ್ದಾಗ ವಜ್ರಜಂಘನೊಡನೆ ಚಾರಣ ಮುನಿಗಳಿಗೆ ಆಹಾರವನ್ನಿತ್ತ ವಿಧಿಯು ಅವನ ಕಣ್ಣಿಗೆ ಕಟ್ಟಿತು. ದಾನಿಯ ಏಳು ಗುಣಗಳಲ್ಲಿ ಶ್ರದ್ಧೆ ಭಕ್ತಿಗಳ ಜೊತೆ ವಿಜ್ಞಾನವನ್ನೂ ಆಚಾರ್ಯರು ಎಣಿಸಿರುವುದು ಇದಕ್ಕಾಗಿಯೇ.

ವಜ್ರವೃಷಭನಾರಾಚ ಸಂಹನನದ ಆ ದೇಹಕ್ಕೂ ನಮ್ಮ ದೇಹಕ್ಕೂ ಹೋಲಿಕೆಯಿಲ್ಲ. ಅಂದು ಅವರು ಕಬ್ಬಿನ ಹಾಲನ್ನು ಸ್ವೀಕರಿಸಿದರೆಂದು ದೀರ್ಘ ಉಪವಾಸ ಮಾಡಿದವರಿಗೂ ಮಧುಮೇಹಿಗಳಿಗೂ ಅದನ್ನೇ ಲೋಟ ತುಂಬ ಕುಡಿಸುವುದು ಅನುಕರಣೆಯಾಗದು. ಅರಮನೆಯಲ್ಲಿ ಪಕ್ವಾನ್ನಗಳಿಗೆ ಬಡತನವಿರಲಿಲ್ಲ. ಆದರೂ ವೈಶಾಖ ಶುಕ್ಲ ತೃತೀಯೆಯ ಆ ದಿನ ಶ್ರೇಯಾಂಸನು ಕಬ್ಬಿನ ರಸದ ಕೊಡವನ್ನಷ್ಟೇ ಎತ್ತಿಕೊಂಡು ಬಂದನು. ನಿಂತಿದ್ದ ಮಹಾಮುನಿಯ ಜೋಡಿಸಿದ ಕೈಗಳಿಗೆ, ಅಂಜಲಿಯಲ್ಲಿ ಹಿಡಿಯುವಷ್ಟನ್ನು ಮಾತ್ರ, ಮೆಲ್ಲಮೆಲ್ಲನೆ ಎರೆದನು.